ಮೂವತ್ತೊಂಬತ್ತನೆಯ ನಡೆ

ಅಮ್ಮ ಆಡಿದ ಆಟಗಳನ್ನು ನಾಲ್ಕು ವರ್ಷ ಅವಳು ಸಾಹೇಬರ ಹೆಸರಿನಲ್ಲಿ ಕಳಿಸಿದಳು.

ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಆಸ್ಪತ್ರೆಯ ದಾಖಲೆ ಕೋಣೆಯ ಬೀಗ ತೆಗೆದು, ದೀಪ ಹಾಕಿ, ಕಂಪ್ಯೂಟರು ಕಣ್ಣು ಬಿಡುವವರೆಗೆ ನಿಂತೇ ಇದ್ದವಳಿಗೆ ಹೊರಗೆ ತಳ್ಳುಗಾಡಿ ಹೋದ ಸದ್ದು ಕೇಳಿಸಿತು. ಅದು ನೆಲಮಾಳಿಗೆಯ ಕೋಣೆ. ಕಿಟಕಿ ಇರುವುದು ಸೂರಿನ ಹತ್ತಿರ, ಒಂದು ಗೇಣು ಎತ್ತರ. ಅದರಲ್ಲಿ ಮನುಷ್ಯರು ಕಾಣುವುದಿಲ್ಲ, ಕಾಲು ಕಾಣುತ್ತವೆ, ಗಾಲಿ ಕಾಣುತ್ತವೆ. ತುಂಬಿದ ಗಾಡಿಯ ಸದ್ದು ಬೇರೆ, ಖಾಲಿ ಗಾಡಿಯ ಸದ್ದು ಬೇರೆ. ಇದು ತುಂಬಿದ್ದು, ವಾರ್ಡಿನ ಚಾದರಗಳು, ಲಾಂಡ್ರಿಗೆ. ಇಪ್ಪತ್ತಾರು ವರ್ಷ ಅಂಥ ಗಾಡಿಯನ್ನು ಅಮ್ಮ ತಳ್ಳಿದ್ದಳು, ಇದೇ ಕಿಟಕಿಯ ಮುಂದೆ, ಆದರೆ ಒಂದು ದಿನವೂ ಈ ಕೋಣೆಯೊಳಗೆ ಬಂದವಳಲ್ಲ. ಕೆಲಸ ಸಿಕ್ಕ ಮೊದಲ ವಾರ ಅವಳು ಕುರ್ಚಿ ಹಾಕಿಕೊಂಡು ಹತ್ತಿ ನಿಂತು ಕಿಟಕಿಯಿಂದ ಅಮ್ಮನ ಚಪ್ಪಲಿ ಹೋಗುವುದನ್ನು ನೋಡಿದ್ದಳು, ಕರೆದಿರಲಿಲ್ಲ. ಕರೆಯಬಹುದಿತ್ತು. ಪಕ್ಕದಲ್ಲಿ ಹಳೆಯ ಗುಮಾಸ್ತೆ ಕೂತಿದ್ದಳು, ಅಷ್ಟೇ ಕಾರಣ. ಪರದೆಯ ಮೇಲೆ ಸಿಬ್ಬಂದಿ ಸಂಘದ ಮೇಲ್ ತೆರೆದುಕೊಂಡಿತು. ಒಂದು ಹೊಸದು. ಟ್ರಾಮ್‌ನವನದು, ದೂರದ ದೇಶದಲ್ಲಿ ಟ್ರಾಮ್ ಓಡಿಸುತ್ತ ಮೇಲ್‌ನಲ್ಲೇ ಅಮ್ಮನ ಜೊತೆ ಚದುರಂಗ ಆಡುವವನದು.

ಮೇಲೆ ಪಂದ್ಯದ ಸಂಖ್ಯೆ. ಅದರ ಕೆಳಗೆ ಒಂದನೇ ನಡೆಯಿಂದ ಮೂವತ್ತೆಂಟರವರೆಗೆ ಎಲ್ಲ ನಡೆಗಳೂ ಸಾಲಾಗಿ, ಒಂದನ್ನೂ ಅಳಿಸದೆ. ನಿಮ್ಮ ಪತ್ರ ಬಂದ ದಿನ, ನಾನು ಉತ್ತರಿಸಿದ ದಿನ, ಬಳಸಿದ ದಿನಗಳು ಆರು. ನಿಮ್ಮ ನಡೆಯನ್ನು ಮತ್ತೊಮ್ಮೆ ಬರೆದು, ಪಕ್ಕದಲ್ಲಿ ತನ್ನದು: 7877. ಯಾವ ಭಾಷೆಯೂ ಇಲ್ಲದ ಬರವಣಿಗೆ ಅದು, ಅದಕ್ಕೇ ಅಮ್ಮನಿಗೆ ಅಷ್ಟು ಹಿಡಿಸಿದ್ದು. ಎಡದಿಂದ ಬಲಕ್ಕೆ ಒಂದರಿಂದ ಎಂಟು ಕಂಬ, ಬಿಳಿಯರ ಕಡೆಯಿಂದ ಮೇಲಕ್ಕೆ ಒಂದರಿಂದ ಎಂಟು ಸಾಲು. ಕಾಯಿ ಎದ್ದ ಮನೆಗೆ ಎರಡು ಅಂಕಿ, ಕೂತ ಮನೆಗೆ ಎರಡು ಅಂಕಿ. ರಾಜನ ಮುಂದಿನ ಕಾಲಾಳು ಎರಡು ಮನೆ ನಡೆದರೆ ಐವತ್ತೆರಡು, ಐವತ್ತನಾಲ್ಕು. ಮುಗಿಯಿತು. ಯಾವ ಕಾಯಿ ಎಂದು ಕೂಡ ಬರೆಯಬೇಕಾಗಿಲ್ಲ, ಆ ಮನೆಯಲ್ಲಿ ಯಾರಿದ್ದಾರೋ ಅವರೇ. ಇವತ್ತಿನದು ಎಪ್ಪತ್ತೆಂಟು, ಎಪ್ಪತ್ತೇಳು; ರಾಜ ಒಂದು ಹೆಜ್ಜೆ ಮುಂದೆ ಬಂದಿದ್ದಾನೆ. ಅದರ ಕೆಳಗೆ ಈ ಸಲ ಹೊಸದೊಂದು ಸಾಲು: ರಾಜಿ ಕೇಳುತ್ತಿದ್ದೇನೆ, ಆಟವನ್ನು ಸಮ ಎಂದು ಮುಗಿಸೋಣ. ಆಮೇಲೆ, ಅವನಿಗೂ ಅವಳಿಗೂ ತಾಯ್ನುಡಿಯಲ್ಲದ ಇಂಗ್ಲಿಷಿನಲ್ಲಿ, ಒಂದು ಸಣ್ಣ ಪತ್ರ. ಡಿಯರ್ ಸರ್, ಮೊಣಕಾಲಿನ ಕಥೆ ಹೇಳಿ ನಿಮ್ಮನ್ನು ಬೇಸರಪಡಿಸಿದ್ದೆ, ಈಗ ಮೊಣಕಾಲಲ್ಲ, ಹೃದಯ. ಒಂದು ಕವಾಟ ಸರಿಯಾಗಿ ಮುಚ್ಚಿಕೊಳ್ಳುತ್ತಿಲ್ಲವಂತೆ. ಬರುವ ಬುಧವಾರ ಎದೆ ತೆರೆಯುತ್ತಾರೆ. ಅರ್ಧ ಆಟ ಬಿಟ್ಟು ಹೋಗುವ ಅಭ್ಯಾಸ ನನಗಿಲ್ಲ, ಮೂವತ್ತೊಂದು ವರ್ಷ ಒಂದು ಟ್ರಾಮನ್ನೂ ನಡುದಾರಿಯಲ್ಲಿ ಬಿಟ್ಟು ಇಳಿದವನಲ್ಲ. ತಾವು ಒಪ್ಪಿದರೆ ಸಮಾಧಾನದಿಂದ ಮಲಗುತ್ತೇನೆ.

ಅವಳು ಎರಡು ಸಲ ಓದಿದಳು. ಎರಡನೇ ಸಲ ಓದುವಾಗ ತನಗೆ ಗೊತ್ತಾಗುವ ಮೊದಲೇ ತಲೆಯೊಳಗೆ ಅದು ಅಮ್ಮನಿಗೆ ಹೇಳುವ ಮಾತಾಗಿ ಬದಲಾಗುತ್ತಿತ್ತು. ಡಿಯರ್ ಸರ್ ಅನ್ನುವುದು ತಂಗೀ ಎಂದಾಗಿತ್ತು. ಈ ಒಂದು ಶಬ್ದವನ್ನು ಬದಲಿಸುವುದಕ್ಕೆ ಅವಳು ಈಗ ಪ್ರಯತ್ನವನ್ನೇ ಪಡಬೇಕಾಗಿರಲಿಲ್ಲ, ಬಾಗಿಲು ದಾಟುವಾಗ ತಲೆ ತಾನೇ ಬಗ್ಗುವಂತೆ. ಪತ್ರವನ್ನು ಕಾಗದದ ಮೇಲೆ ತೆಗೆದಳು. ಕತ್ತರಿಯಿಂದ ಕೆಳಗಿನ ಎರಡು ಬೆರಳು ಅಗಲದ ಪಟ್ಟಿಯನ್ನು ಕತ್ತರಿಸಿದಳು. ಅಲ್ಲಿ ಬಿಳಿ ಕಾಯಿಯವರ ಹೆಸರು, ಅಂದರೆ ಸಾಹೇಬರದು, ಮತ್ತು ಕಪ್ಪು ಕಾಯಿಯವರ ಹೆಸರು ಇರುತ್ತವೆ. ಅಮ್ಮನಿಗೆ ಇಂಗ್ಲಿಷ್ ಬಾರದು, ಆದರೆ ತನ್ನ ಹೆಸರಿನ ಆಕಾರ ಗೊತ್ತು. ಲಾಂಡ್ರಿಯ ಹಾಜರಿ ಪಟ್ಟಿಯಲ್ಲಿ ಇಪ್ಪತ್ತಾರು ವರ್ಷ ಅದರ ಎದುರಿಗೇ ಹೆಬ್ಬೆಟ್ಟಲ್ಲ, ಸಹಿ ಹಾಕಿದವಳು. ಕಾಗದ ಯಾಕೆ ಇಷ್ಟು ಮೋಟು ಅಂತ ಮೊದಲ ಸಲ ಕೇಳಿದಾಗ, ಆಫೀಸಿನಲ್ಲಿ ಹಳೇ ಕಾಗದ ಅಮ್ಮ, ಕೆಳಗಡೆ ರೋಗಿಗಳ ವಿವರ ಇರುತ್ತೆ ಅಂದಿದ್ದಳು. ಅಮ್ಮ ತಕ್ಷಣ ಒಪ್ಪಿದ್ದಳು. ಬೇರೆಯವರ ಕಾಯಿಲೆ ನಾವು ನೋಡಬಾರದು, ಸರಿ ಸರಿ, ಅಂದಿದ್ದಳು. ಅಮ್ಮನ ಆ ಒಪ್ಪಿಗೆಯ ವೇಗವನ್ನು ಅವಳು ಇವತ್ತಿಗೂ ಮರೆತಿಲ್ಲ.

ಎಷ್ಟು ಸಲೀಸಾಗಿ ನಡೆದುಹೋಗಿತ್ತು ಅದು. ಬಟ್ಟೆ ಸೋಡಾದ ನೀರಿನಲ್ಲಿ ಬೆಂದು ಬೆಂದು ಅಮ್ಮನ ಬೆರಳ ತುದಿಗಳು ಸ್ಪರ್ಶವನ್ನೇ ಮರೆತಾಗ, ಒಂದು ಮಧ್ಯಾಹ್ನ ಇಸ್ತ್ರಿಯ ಯಂತ್ರದ ಬಿಸಿ ಉರುಳೆಗೆ ಬೆರಳು ತಗುಲಿದ್ದು ಅವಳಿಗೆ ವಾಸನೆ ಬಂದ ಮೇಲಷ್ಟೇ ಗೊತ್ತಾದಾಗ, ನಾಳೆಯಿಂದ ಬರಬೇಡ ಅಂದರು. ಲಾಂಡ್ರಿ ಗುತ್ತಿಗೆಯವರದು, ಆಸ್ಪತ್ರೆಯ ಪಟ್ಟಿಯಲ್ಲಿ ಅವಳ ಹೆಸರು ಇರಲೇ ಇಲ್ಲ, ಇದ್ದದ್ದು ಗುತ್ತಿಗೆದಾರನ ಹಾಜರಿ ಪಟ್ಟಿಯಲ್ಲಿ. ಮನೆಗೆ ಬಂದು ಕೂತ ಅಮ್ಮ ಮೊದಲ ತಿಂಗಳು ಗೋಡೆ ನೋಡಿದಳು. ಎರಡನೇ ತಿಂಗಳು ಮಣೆ ತೆಗೆದಳು. ಹರೆಯದಲ್ಲಿ, ಲಾಂಡ್ರಿಯ ಹಿಂದಿನ ಸೋಪಿನ ಗೋದಾಮಿನಲ್ಲಿ ಹೆಂಗಸರು ಪಾಳಿ ಮುಗಿಸಿ ಒಂದು ಗಂಟೆ ಪುಸ್ತಕ ಓದುತ್ತಿದ್ದ ಗುಂಪೊಂದಿತ್ತು. ಒಬ್ಬಳು ಓದುವುದು, ಉಳಿದವರು ಕೇಳುತ್ತ ಗುಂಡಿ ಹೊಲಿಯುವುದು. ಚದುರಂಗ ಅಮ್ಮನಿಗೆ ಬಂದದ್ದು ಅಲ್ಲಿಂದ. ಯಾರ ಜೊತೆ ಆಡ್ತೀಯಮ್ಮಾ ಅಂದರೆ, ಆಡೋರೆಲ್ಲ ಸತ್ತೋದ್ರು ಇಲ್ಲಾ ಮೊಮ್ಮಕ್ಕಳನ್ನ ನೋಡ್ಕೊಳ್ತಿದ್ದಾರೆ, ನೀನೇ ಯಾರನ್ನಾದ್ರೂ ಹುಡುಕು ಅಂದಳು. ಅವಳು ಹುಡುಕಿದಳು. ಮೇಲ್‌ನಲ್ಲಿ ಆಡುವವರಿದ್ದಾರೆ, ಒಂದು ನಡೆಗೆ ಹತ್ತು ದಿನ ಬೇಕಾದರೂ ಯೋಚಿಸಬಹುದು ಅಂತ ಗೊತ್ತಾಯಿತು. ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಊಟದ ಬಿಡುವಿನಲ್ಲಿ ಆಫೀಸಿನದರಿಂದ ಕಳಿಸತೊಡಗಿದಳು. ಮೊದಲ ಹನ್ನೆರಡು ನಡೆಗಳು ಅಮ್ಮನ ಹೆಸರಿನಲ್ಲೇ ಹೋದವು. ಹದಿಮೂರನೆಯದನ್ನು ಒತ್ತುತ್ತಿದ್ದಾಗ ಆಡಳಿತಾಧಿಕಾರಿಗಳು, ಎಲ್ಲರಿಗೂ ಅವರು ಸಾಹೇಬರು, ಹಿಂದೆ ಬಂದು ನಿಂತಿದ್ದರು. ಇದೇನಮ್ಮ ಅಂಕಿ, ಲಾಟರಿಯಾ? ಅಂದರು. ಅಮ್ಮನ ಚದುರಂಗ ಸಾರ್, ಅಂದು ಅವಳು ಎದ್ದು ನಿಂತಳು. ಮಾರನೆಯ ದಿನ ಕರೆಸಿದರು. ಬೈಗುಳಕ್ಕೆ ಸಿದ್ಧವಾಗಿ ಹೋದವಳಿಗೆ ಟೀ ತರಿಸಿದರು. ಸಾರ್ವಜನಿಕ ಸಂಸ್ಥೆಗಳ ನೌಕರರಿಗೆ ಅಂತರರಾಷ್ಟ್ರೀಯ ಪಂದ್ಯಾವಳಿಯಿದೆ, ತಂಡಕ್ಕೆ ನಾಲ್ಕು ಮಣೆ, ನಮ್ಮಲ್ಲಿ ಮೂವರೇ ಇದ್ದಾರೆ, ನಿಮ್ಮಮ್ಮ ನೌಕರರ ಪಟ್ಟಿಯಲ್ಲಿಲ್ಲ, ನಾನಿದ್ದೀನಿ, ನಡೆ ಆಕೆಯದು, ಹೆಸರು ನನ್ನದು ಅಂದರು. 'ಆಕೆಗೆ ಆಡೋಕೆ ಆಟ ಬೇಕು, ನಮಗೆ ನಾಲ್ಕನೇ ಮಣೆಗೆ ಒಬ್ಬರು ಬೇಕು. ಇದರಲ್ಲಿ ಯಾರ ಗಂಟು ಹೋಗುತ್ತಮ್ಮ?' ಅವಳು ಸರಿ ಸಾರ್ ಅಂದಳು. ಹೆದರಿ ಅಂದಳೇ? ತನಗೆ ತಾನೇ ನೂರು ಸಲ ಹಾಗೆ ಹೇಳಿಕೊಂಡಿದ್ದಳು. ನಿಜ ಅದಲ್ಲ. ಆ ಟೀ ಪಿಂಗಾಣಿ ಕಪ್ಪಿನಲ್ಲಿ ಬಂದಿತ್ತು, ಬಸಿಯ ಮೇಲೆ ಕೂತು. ಎಂಟು ವರ್ಷದಲ್ಲಿ ಆ ಕೋಣೆಯಲ್ಲಿ ಅವಳಿಗೆ ಯಾರೂ ಟೀ ಕೊಟ್ಟಿರಲಿಲ್ಲ. ಅವಳಿಗೆ ಖುಷಿಯಾಗಿತ್ತು. ಆ ಖುಷಿಯನ್ನು ನೆನೆದರೆ ಇವತ್ತಿಗೂ ಮೈಮೇಲಿನ ಬಟ್ಟೆ ಜಾರಿದಂತಾಗುತ್ತದೆ.

ಹತ್ತೂವರೆಗೆ ಸಾಹೇಬರು ತಾವೇ ಕೆಳಗಿಳಿದು ಬಂದರು. ಮೇಲ್ ಅವರ ಮೊಬೈಲಿಗೂ ಹೋಗುತ್ತದೆ, ಓದಲು ಬರುತ್ತದೆ, ಉತ್ತರಿಸಲು ಬರುವುದಿಲ್ಲ. ಐವತ್ತೆರಡು ಐವತ್ತನಾಲ್ಕು ಅಂದರೆ ಏನೆಂದು ನಾಲ್ಕು ವರ್ಷದಲ್ಲಿ ಒಮ್ಮೆಯೂ ಕೇಳಿದವರಲ್ಲ. ಒಳ್ಳೆಯ ಮನುಷ್ಯ ಅಂತಲೇ ಹೆಸರು. ಯಾರಿಗೂ ಗದರಿದ್ದನ್ನು ಯಾರೂ ಕಂಡಿಲ್ಲ. ಕಡತಗಳ ಕಪಾಟಿಗೆ ಒರಗಿ, ಬೆರಳಿಗೆ ಹತ್ತಿದ ಧೂಳನ್ನು ನೋಡಿಕೊಂಡು ಅಂದರು:

'ರಾಜಿ ಕೇಳಿದಾನೆ ನೋಡಿದ್ಯಾ? ಅರ್ಧ ಅಂಕ ಸಾಕಮ್ಮ ನಮಗೆ. ಅರ್ಧ ಬಂದರೆ ತಂಡ ಮೊದಲು. ಲ್ಯಾಬಿನವನು ಲೆಕ್ಕ ಹಾಕಿ ಕುಣೀತಿದಾನೆ.'

'ಅಮ್ಮನ್ನ ಕೇಳ್ಬೇಕು ಸಾರ್.'

'ಕೇಳು, ಬೇಡ ಅಂದೋರ್ಯಾರು? ಐದರೊಳಗೆ ಒಪ್ಪಿದೆ ಅಂತ ಕಳಿಸಿಬಿಡು. ನಾಳೆ ಆಡಳಿತ ಮಂಡಳಿ ಸಭೆ, ಅಲ್ಲಿ ಹೇಳಬಹುದು.' ಮೆಟ್ಟಿಲ ಹತ್ತಿರ ತಿರುಗಿ ನಿಂತರು. 'ನಿನ್ನ ಕೆಲಸ ಮುಂದುವರಿಸೋ ಫೈಲೂ ನನ್ನ ಮೇಜಿನ ಮೇಲಿದೆ, ಮರೆತಿಲ್ಲ.'

ಅದನ್ನು ಬೆದರಿಕೆಯಂತೆ ಹೇಳಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಹೇಳಿದ್ದು ಮಗುವಿಗೆ ಟೋಪಿ ಹಾಕಿಕೊಂಡು ಹೋಗು ಅನ್ನುವ ದನಿಯಲ್ಲಿ. ಹೀಗೆ ಮೆತ್ತಗೆ ಮಾತಾಡುವವರು ಕಟ್ಟಿದ ಆಸ್ಪತ್ರೆ ಇದು, ಹೀಗೆ ಮೆತ್ತಗೆ ಮಾತಾಡಿಯೇ ಇಪ್ಪತ್ತಾರು ವರ್ಷ ದುಡಿದ ಹೆಂಗಸನ್ನು ಒಂದು ಬೆಳಿಗ್ಗೆ ಗೇಟಿನಾಚೆ ನಿಲ್ಲಿಸಿದ್ದು, ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ ಮೇಲೂ, ಅವರು ಮೆಟ್ಟಿಲು ಹತ್ತುತ್ತಿದ್ದಾಗ ಬೆನ್ನಿಗೆ, ಥ್ಯಾಂಕ್ಸ್ ಸಾರ್, ಅಂದಳು.

ಊಟದ ಬಿಡುವಿನಲ್ಲಿ ಮನೆಗೆ ಹನ್ನೊಂದು ನಿಮಿಷದ ದಾರಿ. ಆಸ್ಪತ್ರೆಯ ಹಿಂಬದಿಯ ಗೋಡೆ, ಬಾಯ್ಲರಿನ ಚಿಮಣಿ, ಸೈಕಲ್ ರಿಪೇರಿಯವನು, ಆಮೇಲೆ ಎರಡು ಮಹಡಿಯ ಸಾಲು ಮನೆಗಳು. ಅಮ್ಮ ಬಾಗಿಲು ತೆರೆದೇ ಇಟ್ಟಿದ್ದಳು. ಕಿಟಕಿಯ ಬಳಿ ಮೇಜು, ಅದರ ಮೇಲೆ ಎರಡು ಮಣೆ. ಒಂದು ಮರದ್ದು, ನಿಜದ ಮಣೆ; ಅದರ ಮೇಲೆ ಕಳಿಸಿದ ನಡೆ, ಬಂದ ನಡೆ ಮಾತ್ರ, ಬೆರಳೂ ಸುಮ್ಮನೆ ತಾಗುವ ಹಾಗಿಲ್ಲ. ಇನ್ನೊಂದು ರಟ್ಟಿನದು, ಯೋಚನೆಯ ಮಣೆ. ಅಲ್ಲಿ ಏನು ಬೇಕಾದರೂ ಮಾಡಬಹುದು, ಕೊಲ್ಲಬಹುದು, ಬದುಕಿಸಬಹುದು. ರಟ್ಟಿನ ಮಣೆಯ ಕಾಯಿಗಳು ಗುಂಡಿಗಳು. ರೋಗಿಗಳ ಅಂಗಿಯಿಂದ ಕಿತ್ತು ಲಾಂಡ್ರಿಯ ಮೋರಿಯ ಜಾಲರಿಗೆ ಸಿಕ್ಕಿಕೊಳ್ಳುತ್ತಿದ್ದ ಗುಂಡಿಗಳು. ದೊಡ್ಡ ಕೋಟಿನ ಗುಂಡಿ ರಾಜ, ನಾಲ್ಕು ತೂತಿನದು ಆನೆ, ಎರಡು ತೂತಿನವು ಕಾಲಾಳು. ತುದಿಬೆರಳಿಗೆ ಗೊತ್ತಾಗದ್ದನ್ನು ಅಮ್ಮ ಉಗುರಿನಿಂದ ಕೆರೆದು ತಿಳಿದುಕೊಳ್ಳುತ್ತಾಳೆ. ಪಕ್ಕದಲ್ಲಿ ರೂಲು ಹಾಕಿದ ನೋಟುಪುಸ್ತಕ: ಬಂದ ದಿನ, ಕಳಿಸಿದ ದಿನ, ಅವನ ನಾಲ್ಕು ಅಂಕಿ, ನನ್ನ ನಾಲ್ಕು ಅಂಕಿ. ಮೂರು ವರ್ಷದ ಹಿಂದೆ ಇದೇ ಟ್ರಾಮ್‌ನವನ ಜೊತೆಗಿನ ಮೊದಲ ಆಟದಲ್ಲಿ ಅಮ್ಮ ಅರವತ್ತಮೂರು ಐವತ್ತೈದು ಅಂತ ಬರೆದುಕೊಟ್ಟಿದ್ದನ್ನು ಮಗಳು ಅವಸರದಲ್ಲಿ ಅರವತ್ತಮೂರು ನಲವತ್ತನಾಲ್ಕು ಅಂತ ಒತ್ತಿಬಿಟ್ಟಿದ್ದಳು. ನಿಯಮದ ಪ್ರಕಾರ ಅದೂ ಒಂದು ನಡೆಯೇ. ಕಳಿಸಿದ ಮೇಲೆ ಕಳಿಸಿದ್ದೇ ನಡೆ. ಕುದುರೆ ಹೋಯಿತು, ಆಟವೂ ಹೋಯಿತು. ಅಮ್ಮ ನೋಟುಪುಸ್ತಕದಲ್ಲಿ ತಾನು ಯೋಚಿಸಿದ ಅಂಕಿಯನ್ನು ಹೊಡೆದುಹಾಕಿ ಮಗಳ ಅಂಕಿಯನ್ನು ಬರೆದುಕೊಂಡು, ಮರದ ಮಣೆಯ ಮೇಲೆ ಕುದುರೆಯನ್ನು ಆ ತಪ್ಪು ಮನೆಗೆ ಇಟ್ಟು, 'ಇರ್ಲಿ ಬಿಡು, ಅದಕ್ಕೂ ಒಂದ್ಸಲ ಬೇರೆ ಊರು ನೋಡಬೇಕು ಅನ್ನಿಸಿರುತ್ತೆ' ಅಂದಿದ್ದಳು. ಅವತ್ತು ಮಗಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು. ಅಮ್ಮ ಅಂದುಕೊಂಡದ್ದು ಕುದುರೆಗಾಗಿ ಅಂತ.

'ಬಂತೇನೇ?' ಅಂದಳು ಅಮ್ಮ. ಕೈ ಒರೆಸಿಕೊಳ್ಳುತ್ತ.

'ಬಂತು. ಎಪ್ಪತ್ತೆಂಟು, ಎಪ್ಪತ್ತೇಳು.'

ಅಮ್ಮ ಮರದ ಮಣೆಯ ಮೇಲೆ ಕಪ್ಪು ರಾಜನನ್ನು ಒಂದು ಮನೆ ಸರಿಸಿದಳು. ನೋಟುಪುಸ್ತಕದಲ್ಲಿ ಬರೆದಳು. ಕನ್ನಡಕ ಹಣೆಗೇರಿಸಿ, ಮಣೆಗೆ ಮೂಗು ತಾಗುವಷ್ಟು ಬಗ್ಗಿ, ಹ್ಞಾ ಅಂದಳು. 'ಹೊರಗೆ ಬಂದ್ಯಾ ಮಾರಾಯ. ಬಾ ಬಾ. ಇನ್ನೇನು ಬರ್ದಿದಾನೆ?'

ಅವಳು ಓದಿದಳು, ಅಂದರೆ ಹೇಳಿದಳು. ತಂಗೀ ಅಂತ ಶುರುಮಾಡಿ. ಕವಾಟ, ಬುಧವಾರ, ಟ್ರಾಮು, ರಾಜಿ. ಅಮ್ಮ ನಗತೊಡಗಿದಳು.

'ಕಳ್ಳ ಕಣೇ ಇವನು! ಇನ್ನು ಎಂಟ್ಹತ್ತು ನಡೆಗೆ ಮಣ್ಣು ಮುಕ್ಕೋನು, ಆಪರೇಷನ್ ನೆಪ ಹೇಳ್ತಿದಾನೆ ನೋಡು. ಹಿಂದಿನ ಆಟದಲ್ಲೂ ಹಿಂಗೇ, ಮಂತ್ರಿ ಹೋದ ಕೂಡ್ಲೇ ಮೊಣಕಾಲು ನೋವು ಬಂದಿತ್ತು.'

ನಗು ತಾನೇ ನಿಂತಿತು. ಅಮ್ಮ ಕಿಟಕಿಯಾಚೆ ನೋಡಿದಳು. ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ ಇದ್ದವಳು. ಬುಧವಾರ ಎದೆ ತೆರೆಯುವುದು ಅಂದರೆ ಗುರುವಾರ ಗಾಡಿಯಲ್ಲಿ ಎಂಥ ಚಾದರ ಬರುತ್ತದೆ ಎಂದು ವೈದ್ಯರಿಗಿಂತ ಚೆನ್ನಾಗಿ ಬಲ್ಲವಳು.

'ಎಷ್ಟು ವಯಸ್ಸವನಿಗೆ?'

'ಈ ವರ್ಷ ನಿವೃತ್ತಿ.'

'ಒಬ್ಬನೇ ಇರೋದಲ್ವಾ. ಹೋದ ವರ್ಷ ಬರ್ದಿದ್ದ, ಒಂದೇ ತಟ್ಟೆ ತೊಳೆಯೋದು ಅಂತ.' ಅಮ್ಮ ಗುಂಡಿಗಳನ್ನು ಉಗುರಿನಿಂದ ಸರಿಸಿ ನೋಡಿದಳು. ಆಮೇಲೆ, 'ರಾಜಿ ಬೇಡ' ಅಂದಳು.

'ಅಮ್ಮಾ, ಸಮಾಧಾನದಿಂದ ಮಲಗ್ತೀನಿ ಅಂತಿದಾನೆ.'

'ಸಮಾಧಾನವಾಗಿ ಮಲಗಿದವರು ಏಳಲ್ಲ. ಎಷ್ಟು ಜನರನ್ನ ನೋಡಿದೀನಿ. ಎಲ್ಲಾ ಮುಗಿಸ್ಕೊಂಡು, ಎಲ್ಲರ ಹತ್ರ ಹೇಳ್ಕೊಂಡು ಒಳಗೆ ಹೋಗ್ತಾರಲ್ಲ, ಅವರ ಚಾದರ ಬೇಗ ಬರುತ್ತೆ ಕೆಳಗೆ. ಒಂದು ಕೆಲ್ಸ ಬಾಕಿ ಇರ್ಲಿ ಅವನಿಗೆ. ನನ್ನ ಆನೆ ಅವನ ಮನೆಯೊಳಗೆ ಬಂದು ಕೂತಿರುತ್ತೆ, ಅದನ್ನ ಓಡಿಸೋದು ಹೇಗೆ ಅಂತ ಯೋಚನೆ ಮಾಡ್ಕೊಂಡು ಮಲಗ್ಲಿ. ಬರ್ಕೋ. ನಲವತ್ತೊಂದು, ನಲವತ್ತೇಳು.'

ಅವಳು ಬರೆದುಕೊಂಡಳು. ನಡೆ ಕಳಿಸಿದರೆ ಸಾಕು, ರಾಜಿಯನ್ನು ತಳ್ಳಿಹಾಕಿದಂತೆ. ಬೇರೆ ಮಾತು ಬೇಕಾಗಿಲ್ಲ. ಆದರೆ ಅಮ್ಮನಿಗೆ ಬೇರೆ ಮಾತು ಬೇಕಾಗಿತ್ತು.

'ಕೆಳಗಡೆ ಇದನ್ನೂ ಬರಿ. ಅಣ್ಣಾ, ಇಷ್ಟು ವರ್ಷ ನೀವು ನನ್ನನ್ನ ತಂಗಿ ಅಂತ ಕರೆದಿದೀರಿ. ಹಾಗೆ ಕರೆದ ಮೇಲೆ ತಂಗಿ ಹೇಳಿದ್ದು ಒಂದಾದ್ರೂ ಕೇಳಬೇಕು...'

ಪೆನ್ನು ಕಾಗದದ ಮೇಲೆ ನಿಂತಿತು. ಶಾಯಿ ಸಣ್ಣಗೆ ಹರಡಿ ಚುಕ್ಕೆಯಾಯಿತು. ಅಮ್ಮ ಮುಂದಿನ ವಾಕ್ಯವನ್ನು ಹುಡುಕುತ್ತ ಸೂರು ನೋಡುತ್ತಿದ್ದಳು. ಆ ಮುಖದಲ್ಲಿ, ಸೋಪಿನ ಹಬೆಯಲ್ಲಿ ಇಪ್ಪತ್ತಾರು ವರ್ಷ ಬೆಂದ ಆ ಮುಖದಲ್ಲಿ, ಯಾರೋ ತನ್ನನ್ನು ಬಲ್ಲರು ಎನ್ನುವ ಒಂದು ಸಣ್ಣ ಠೀವಿ ಇತ್ತು. ಈ ಠೀವಿಯನ್ನು ಮಾಡಿದವಳು ತಾನು. ಅಮ್ಮನಿಗೆ ಯಾರೂ ಏನೂ ಕೊಡದಿದ್ದಾಗ ಒಂದು ಶಬ್ದವನ್ನಾದರೂ ಕೊಡೋಣ ಅಂತಲೇ ಮೊದಲ ಸಲ ಹಾಗೆ ಹೇಳಿದ್ದು. ಕದ್ದದ್ದಕ್ಕೆ ಬದಲಾಗಿ ಕೊಟ್ಟದ್ದು. ಪೆನ್ನನ್ನು ಕೆಳಗಿಟ್ಟು ಅವಳು ಎಲ್ಲವನ್ನೂ ಹೇಳಿಬಿಟ್ಟಳು. ಕ್ರಮವಾಗಿ ಹೇಳಲಾಗಲಿಲ್ಲ. ಟೀಯಿಂದ ಶುರುಮಾಡಿದಳು, ಕತ್ತರಿಗೆ ಬಂದಳು, ನೋಟೀಸು ಬೋರ್ಡಿನ ಮೇಲಿರುವ ಸಾಹೇಬರ ಫೋಟೋಗೆ ಹೋದಳು, ಹೂಗುಚ್ಛ ಹಿಡಿದು ನಿಂತದ್ದು, ಕೆಳಗೆ 'ನಮ್ಮ ಚದುರಂಗ ಪ್ರತಿಭೆ' ಅಂತ ಬರೆದದ್ದು, ಆ ಬರಹವನ್ನು ಟೈಪ್ ಮಾಡಿದ್ದು ಕೂಡ ತಾನೇ ಎಂದಳು. ಇವತ್ತು ಐದರೊಳಗೆ ರಾಜಿ ಒಪ್ಪಬೇಕಂತೆ, ಒಪ್ಪದಿದ್ದರೆ ನನ್ನ ಕೆಲಸ ಹೋಗುತ್ತೆ ಅಂದಳು.

ಮುಗಿದ ಮೇಲೆ ಅಮ್ಮ ಎದ್ದು ಹೋಗಿ ತಾನೇ ನೀರು ಬಗ್ಗಿಸಿಕೊಂಡಳು. ಯಾವತ್ತೂ ಮಗಳಿಗೂ ಒಂದು ಲೋಟ ತರುತ್ತಿದ್ದವಳು ಒಂದೇ ತಂದಳು. ಅಷ್ಟೇ. ಬೈದಿದ್ದರೆ, ಹೊಡೆದಿದ್ದರೆ ಹಿಡಿದುಕೊಳ್ಳುವುದಕ್ಕೆ ಏನಾದರೂ ಸಿಗುತ್ತಿತ್ತು.

'ಅವರು ಹಾಕ್ಕೊಂಡಿದ್ದು ಹೊಸದೇನಲ್ಲ' ಅಂದಳು ಅಮ್ಮ, ಮಣೆಯನ್ನು ನೋಡುತ್ತ. 'ನಾನು ಒಗೆದ ಚಾದರದ ಮೇಲೆಲ್ಲ ಅವರ ಮುದ್ರೇನೇ ಇರ್ತಿತ್ತು.' ಆಮೇಲೆ, ಬೇರೆ ದನಿಯಲ್ಲಿ, 'ಟ್ರಾಮ್‌ನವನು ನನ್ನ ತಂಗಿ ಅಂತ ಕರೀಲೇ ಇಲ್ವಾ?' ಅಂದಳು.

'ಇಲ್ಲಮ್ಮ. ಅದು ನಾನು ಸೇರಿಸಿದ್ದು.'

'ಒಂದ್ಸಲಾನೂ?'

'ಸರ್ ಅಂತಿದ್ದ.'

'ಸರ್' ಅಂದಳು ಅಮ್ಮ. ಯಾರದೋ ಅಂಗಿಯನ್ನು ಮೈಗೆ ಹಿಡಿದು ನೋಡಿದಂತೆ. 'ಮೊಣಕಾಲು?'

'ಅದು ನಿಜ.'

'ಒಂದು ತಟ್ಟೆ?'

'ನಿಜ ಅಮ್ಮ.'

'ಡಿಪೋದಲ್ಲಿ ಬೆಕ್ಕು ಮರಿ ಹಾಕಿದ್ದು?'

'ನಿಜ. ಮೂರು ಮರಿ.'

'ನಾಲ್ಕು ಅಂದಿದ್ದೆ ನೀನು.'

'ನಾಲ್ಕೇ. ಮರೆತೆ.'

'ಆಪರೇಷನ್ನು?'

'ಎಲ್ಲಾ ನಿಜ. ಆ ಒಂದು ಮಾತು ಬಿಟ್ಟು ಎಲ್ಲಾ ಅವನದೇ. ನಾನು ಕಳಿಸಿದ್ದರಲ್ಲೂ ನಿನ್ನ ಮಾತೆಲ್ಲ ಹೋಗಿದೆ, ಅಣ್ಣಾ ಅನ್ನೋದೊಂದನ್ನ ಬಿಟ್ಟು.'

'ಹೆಸರೊಂದನ್ನ ಬಿಟ್ಟು' ಅಂದಳು ಅಮ್ಮ.

ಹೊರಗೆ ಯಾರೋ ಸೈಕಲ್ಲಿನ ಗಂಟೆ ಪರೀಕ್ಷಿಸುತ್ತಿದ್ದರು, ಮತ್ತೆ ಮತ್ತೆ. ಅಮ್ಮನ ಕೈಗಳು ಮಡಿಲಲ್ಲಿ ಬಿದ್ದಿದ್ದವು, ಅಂಗೈ ಮೇಲಾಗಿ, ರೇಖೆಗಳೆಲ್ಲ ಅಳಿಸಿಹೋದ ಆ ಬೆಳ್ಳನೆಯ ಅಂಗೈ. ಚಿಕ್ಕವಳಿದ್ದಾಗ ಆ ಕೈ ತಲೆ ಸವರಿದರೆ ಕೂದಲು ಸಿಕ್ಕಿಕೊಳ್ಳುತ್ತಿತ್ತು, ಅವಳು ಕೊಸರುತ್ತಿದ್ದಳು. ಶಾಲೆಯ ವಾರ್ಷಿಕೋತ್ಸವಕ್ಕೆ ಅಮ್ಮ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತಿದ್ದಳು, ಅದನ್ನು ಅವಳು ನೋಡಿದ್ದಳು, ಒಳ್ಳೇದಾಯ್ತು ಅಂದುಕೊಂಡಿದ್ದಳು. ಹಾಗಾದರೆ ನಾಲ್ಕು ವರ್ಷವಲ್ಲ. ಇದು ಶುರುವಾದದ್ದು ಬಹಳ ಹಿಂದೆ.

'ರಾಜಿ ಒಪ್ಪಿಬಿಡ್ಲಾ ಅಮ್ಮ? ಇಲ್ಲೇ ಮುಗಿಸಿಬಿಡೋಣ. ಆಮೇಲೆ ನಿನ್ನ ಹೆಸರಲ್ಲೇ ಬೇರೆ ಯಾರ ಜೊತೆಗಾದ್ರೂ...'

'ಬೇರೆಯವರು ಯಾಕೆ? ಇವನ ಹತ್ರ ಮೂರು ಆಟ ಆಡಿದೀನಿ. ಆರಾರು ದಿನ ನನ್ನ ಆನೆ ಮುಂದೆ ಕೂತಿದಾನೆ ಅವನು, ನಾನು ಅವನ ಕುದುರೆ ಮುಂದೆ ಕೂತಿದೀನಿ. ಗಂಡ ಹೆಂಡ್ತಿ ಕೂತಿರಲ್ಲ ಹಂಗೆ.' ಅಮ್ಮ ಕಾಗದವನ್ನು ಮಗಳ ಕಡೆ ತಳ್ಳಿದಳು. 'ಯಾರ ಜೊತೆ ಆಡ್ತಿದ್ದೆ ಅಂತ ಗೊತ್ತಿಲ್ದೇ ಅವನು ಎದೆ ಕೊಯ್ಸ್ಕೊಳ್ಳೋಕೆ ಹೋಗಬಾರದು. ಅಷ್ಟೇ ನಂಗಿರೋದು. ನಿನ್ನ ಕೆಲ್ಸದ ವಿಷ್ಯ ನಾನು ಹೇಳಲಾರೆ, ಅದು ನಿನ್ನದು. ನಡೆ ಮಾತ್ರ ನಂದು. ನಲವತ್ತೊಂದು, ನಲವತ್ತೇಳು.'

'ಕೋಪ ಬಂದಿದೆಯಾ?'

'ಬಂದಿದೆ. ಊಟ ಮಾಡು, ತಣ್ಣಗಾಗುತ್ತೆ.'

ಅವಳು ಊಟ ಮಾಡಿದಳು. ಅಮ್ಮ ಎದುರಿಗೆ ಕೂತು, ಕೋಪದಲ್ಲೇ, ಅವಳ ತಟ್ಟೆಗೆ ಇನ್ನೊಂದು ಸೌಟು ಹಾಕಿದಳು.

ನಾಲ್ಕು ಗಂಟೆಯವರೆಗೆ ಕಡತಗಳು. ಬಿಡುಗಡೆಯಾದವರು, ತೀರಿಕೊಂಡವರು, ಎರಡು ಬೇರೆ ಬೇರೆ ಕಪಾಟು. ಒಂದೊಂದು ಕಡತದ ಮೇಲೂ ಒಂದು ಹೆಸರು, ಅದನ್ನು ತಪ್ಪಿಲ್ಲದೆ ಬರೆಯುವುದು ಅವಳ ಕೆಲಸ; ಹನ್ನೆರಡು ವರ್ಷದಲ್ಲಿ ಸಾವಿರಾರು ಹೆಸರು, ಒಂದೂ ತಪ್ಪಿಲ್ಲ ಅಂತ ಸಾಹೇಬರೇ ಹೊಗಳಿದ್ದರು. ತನ್ನ ಫೈಲು ಮೇಲಿನ ಮಹಡಿಯಲ್ಲಿ ಸಾಹೇಬರ ಮೇಜಿನ ಯಾವ ಮೂಲೆಯಲ್ಲಿರಬಹುದು, ಅದರ ಮೇಲೆ ಪೇಪರ್‌ವೇಟ್ ಇದೆಯೇ, ಎಂದು ಯೋಚಿಸಿದಳು. ಹೆದರಿಕೆ ಇತ್ತು. ಹೋಗಲಿಲ್ಲ. ಹೋಗುತ್ತದೆ ಅಂತ ಕಾಯುತ್ತ ಕೂತರೆ ಐದಾಗಿಬಿಡುತ್ತದೆ ಎಂದುಕೊಂಡು ನಾಲ್ಕೂ ಇಪ್ಪತ್ತಕ್ಕೆ ಮೇಲ್ ತೆರೆದಳು. ಪಂದ್ಯದ ಸಂಖ್ಯೆ. ಒಂದರಿಂದ ಮೂವತ್ತೆಂಟು. ಬಂದ ದಿನ ಇವತ್ತು, ಉತ್ತರಿಸಿದ ದಿನ ಇವತ್ತು, ಬಳಸಿದ ದಿನ ಸೊನ್ನೆ. ನಿಮ್ಮ ಮೂವತ್ತೆಂಟು: 7877. ನಮ್ಮ ಮೂವತ್ತೊಂಬತ್ತು: 4147. ಅದರ ಕೆಳಗೆ ತನ್ನ ಮುರುಕು ಇಂಗ್ಲಿಷಿನಲ್ಲಿ ಬರೆಯತೊಡಗಿದಳು. ನಾಲ್ಕು ವರ್ಷದಿಂದ ನಿಮ್ಮ ಜೊತೆ ಆಡುತ್ತಿರುವುದು ನನ್ನ ತಾಯಿ. ಆಕೆ ಈ ಆಸ್ಪತ್ರೆಯ ಬಟ್ಟೆ ಒಗೆಯುತ್ತಿದ್ದಳು. ಹೆಸರು ಬದಲಿಸಿದವಳು ನಾನು. ಇನ್ನೊಬ್ಬರು ಹೇಳಿದರು, ಮಾಡಿದವಳು ನಾನು. ನಿಮಗೆ ರಾಜಿ ಕೊಡುವುದಿಲ್ಲ ಎಂದು ಹೇಳಿದ್ದಾಳೆ, ನೀವು ಎದ್ದು ಬಂದು ಆನೆಯನ್ನು ಓಡಿಸಬೇಕಂತೆ. ನಿಮ್ಮನ್ನು ಅಣ್ಣ ಎನ್ನುತ್ತಾಳೆ. ಈ ಶಬ್ದಕ್ಕೆ ಇಂಗ್ಲಿಷಿನಲ್ಲಿ ಏನೆನ್ನಬೇಕೋ ಅವಳಿಗೆ ತೋಚಲಿಲ್ಲ. ಬ್ರದರ್ ಅಂದರೆ ಚಿಕ್ಕವನೂ ಆಗಬಹುದು, ಚರ್ಚಿನವನೂ ಆಗಬಹುದು. ಹಾಗೆಯೇ ಇಂಗ್ಲಿಷ್ ಅಕ್ಷರದಲ್ಲಿ ಅಣ್ಣ ಎಂದೇ ಬರೆದಳು.

ಸಾಹೇಬರು ಬಂದದ್ದು ಗೊತ್ತಾದದ್ದು ಪರದೆಯ ಮೇಲೆ ಬಿದ್ದ ನೆರಳಿನಿಂದ. ಕೈಯಲ್ಲಿ ಫೈಲಿತ್ತು. ಒಳ್ಳೆಯ ಮನಸ್ಸಿನಿಂದಲೇ ತಂದಿದ್ದರೇನೋ.

'ಆಯ್ತೇನಮ್ಮ?' ಅಂದರು. ಓದಿದರು. ನಿಧಾನವಾಗಿ ಓದುವ ಮನುಷ್ಯ, ತುಟಿ ಆಡುತ್ತಿತ್ತು. 'ಇದೇನು, ನಡೆ ಹಾಕಿದೀಯಾ? ನಡೆ ಹಾಕಿದ್ರೆ ರಾಜಿ ಹೋಯ್ತಲ್ಲ?'

'ಹೌದು ಸಾರ್.'

ಅವರು ಕೆಳಗಿನದನ್ನೂ ಓದಿದರು. ಓದಿದ ಮೇಲೆ ಬಾಗಿಲ ಕಡೆ ನೋಡಿದರು, ಯಾರಾದರೂ ಇದ್ದಾರೆಯೇ ಅಂತ. ಯಾರೂ ಇರಲಿಲ್ಲ. ಕಿಟಕಿಯಲ್ಲಿ ಒಂದು ಜೊತೆ ಕಾಲು ಹೋಯಿತು. ಸಾಹೇಬರ ದನಿ ಇನ್ನಷ್ಟು ಮೆತ್ತಗಾಯಿತು. 'ನೋಡಮ್ಮ. ನಿಮ್ಮಮ್ಮನ ಮೇಲೆ ನನಗೆ ಎಷ್ಟು ಗೌರವ ಇದೆ ಅಂತ ನಿನಗೆ ಗೊತ್ತು. ಬೇಕಾದ್ರೆ ನಾಳೆ ಸಭೇಲಿ ಅವರಿಗೂ ಒಂದು ಶಾಲು ಹೊದಿಸೋಣ, ಹಳೇ ಕೆಲಸದವರು ಅಂತ. ಇದನ್ನ ಅಳಿಸು.'

ಅವಳು ಅಳಿಸಲಿಲ್ಲ. ಕೈಗಳು ಅಕ್ಷರಗಳ ಮೇಲೇ ಇದ್ದವು. ಅವುಗಳನ್ನು ಅವರು ನೋಡುತ್ತಿದ್ದಾರೆ ಎಂದು ಅವಳಿಗೆ ಗೊತ್ತಿತ್ತು, ಮುಚ್ಚಿಕೊಳ್ಳಲಿಲ್ಲ.

'ಇಡೀ ತಂಡಾನ ಹೊರಗೆ ಹಾಕ್ತಾರೆ. ಲ್ಯಾಬಿನವನು, ಫಾರ್ಮಸಿಯವನು, ಪಾಪ, ಅವರೇನು ಮಾಡಿದಾರೆ? ನಿನ್ನ ಗತಿ ಏನಾಗುತ್ತೆ ಯೋಚಿಸಿದೀಯಾ?'

'ಯೋಚಿಸಿದೀನಿ ಸಾರ್.'

'ಸರಿ, ನಿನ್ನ ಕೈಲಿ ಆಗಲ್ಲ ಅಂದ್ರೆ ಬಿಡು. ನಾನೇ ಒಪ್ಪಿದೆ ಅಂತ ಹೊಡೀತೀನಿ. ಒಂದು ಪದ ತಾನೆ.' ಫೈಲನ್ನು ಮೇಜಿನ ಮೇಲಿಟ್ಟು ಕುರ್ಚಿಯ ಬೆನ್ನಿಗೆ ಕೈ ಹಾಕಿದರು. 'ಏಳು.'

ಕುರ್ಚಿ ಸ್ವಲ್ಪ ಹಿಂದಕ್ಕೆ ಸರಿಯಿತು. ಅವಳು ಎರಡೂ ಪಾದಗಳನ್ನು ನೆಲಕ್ಕೆ ಒತ್ತಿ ಹಿಡಿದಳು. ದನಿ ಹೊರಡುತ್ತದೋ ಇಲ್ಲವೋ ಅಂದುಕೊಂಡಿದ್ದಳು. ಹೊರಟಿತು, ಅವಳು ಅಂದುಕೊಂಡದ್ದಕ್ಕಿಂತ ಸಣ್ಣಗೆ, ಆದರೆ ಅಷ್ಟು ಚಿಕ್ಕ ಕೋಣೆಗೆ ಸಾಕಾಗುವಷ್ಟು.

'ಏಳಲ್ಲ ಸಾರ್.'